ಬೀಡಿನೊಳಗಿನ ಮೂರು ಗೆರೆ

ಲಗಮವ್ವ ಸಮುದ್ರ ನೋಡಿದವಳಲ್ಲ. ಅವಳ ಮಟ್ಟಿಗೆ ದೊಡ್ಡ ನೀರು ಎಂದರೆ ಕೊಲ್ಹಾಪುರದ ರಂಕಾಳ ಕೆರೆ, ಅದಕ್ಕಿಂತ ದೊಡ್ಡದೆಂದರೆ ಮಹಾಪೂರ ಬಂದಾಗಿನ ಪಂಚಗಂಗೆ. ಅದರಾಚೆಗೂ ನೀರಿದ್ದರೆ ಇರಲಿ, ಅದಕ್ಕೂ ತನಗೂ ಏನು ಸಂಬಂಧ ಎಂದು ಐವತ್ತೆರಡು ವರ್ಷ ನೆಮ್ಮದಿಯಾಗಿ ಬದುಕಿದ್ದಳು. ಸಂಬಂಧ ಇತ್ತು. ಎಂಥ ಸಂಬಂಧ ಎಂದರೆ, ಗೊತ್ತಾದ ದಿನ ಅವಳು ತನ್ನ ಬಲಗೈಯ ಮೂರು ಬೆರಳುಗಳನ್ನು ಬೇರೆ ಯಾರದೋ ಬೆರಳು ಎಂಬಂತೆ ನೋಡುತ್ತ ಕೂತಳು.

ಅವಳದು ಗಡಹಿಂಗ್ಲಜ ಕಡೆಯ ತವರು. ಮದುವೆಯಾಗಿ ಕೊಲ್ಹಾಪುರಕ್ಕೆ ಬಂದಳು. ಗಂಡ ಗುಂಡು ಉದ್ಯಮನಗರದ ಒಂದು ಸಣ್ಣ ಫೌಂಡ್ರಿಯಲ್ಲಿ ಮೋಲ್ಡರ್, ಅಂದರೆ ಕಾದ ಬೀಡಿನ, ಎರಕದ ಕಬ್ಬಿಣದ, ರಸ ಸುರಿಯಲು ಉಸುಕಿನ ಅಚ್ಚು ಕಟ್ಟುವವನು. ಅವನ ಬೆನ್ನಿಗೇ ಇವಳೂ ಅಲ್ಲಿ ಕೆಲಸಕ್ಕೆ ಸೇರಿದಳು, ಕೋರ್ ಮಾಡಲು. ಬೀಡಿನ ಸಾಮಾನಿನೊಳಗೆ ಎಲ್ಲಿ ತೂತು ಬೇಕೋ ಅಲ್ಲಿ ಕೂರುವ ಉಸುಕಿನ ಗೊಂಬೆಗೆ ಕೋರ್ ಎನ್ನುತ್ತಾರೆ. ಸುತ್ತ ರಸ ಹರಿದು ಗಟ್ಟಿಯಾದ ಮೇಲೆ ಒಳಗಿನ ಉಸುಕನ್ನು ಕುಟ್ಟಿ ತೆಗೆದರೆ ತೂತು ಉಳಿಯುತ್ತದೆ. "ಇಪ್ಪತ್ತೇಳ ವರ್ಷ ದುಡಿದು ನನ್ನ ಹೇಣ್ತಿ ಮಾಡಿದ್ದೇನಂದ್ರ ತೂತು," ಎಂದು ಗುಂಡು ನಗೆಯಾಡುತ್ತಿದ್ದ. ಮಾತು ಸುಳ್ಳೇನಲ್ಲ. ಆದರೆ ಆ ತೂತು ಸರಿಯಿಲ್ಲದಿದ್ದರೆ ಅವನು ಸುರಿದ ಬೀಡೆಲ್ಲ ರದ್ದಿಯ ತೂಕಕ್ಕೆ ಹೋಗುತ್ತಿತ್ತು ಎಂಬುದನ್ನು ಅವನು ನಗುವಾಗ ಮರೆಯುತ್ತಿದ್ದ.

ಕೊಲ್ಹಾಪುರದ ಸೀಮೆ ಕಬ್ಬಿನದು. ಇಲ್ಲಿ ಸಿಹಿ ಬಾಯಿಗಷ್ಟೇ ಅಲ್ಲ, ಬೀಡಿಗೂ ಬೇಕು. ಬಿದ್ರಿ ಕಡೆಯ ಗಾಣಗಳಿಂದ ಕಾಕಂಬಿ, ಬೆಲ್ಲದ ಅಂಟುಪಾಕ, ಪೀಪಾಯಿಗಳಲ್ಲಿ ಬರುತ್ತದೆ. ಅದನ್ನು ಉಸುಕಿಗೆ ಕಲಸಿ, ಮರದ ಪೆಟ್ಟಿಗೆಗೆ ಒತ್ತಿ, ಹೊರಗೆ ಜಾರಿಸಿ, ಒಲೆಯಲ್ಲಿ ಸುಟ್ಟರೆ ಕೋರ್ ಕಲ್ಲಿನಂತಾಗುತ್ತದೆ. ಒಂದೇ ತೊಂದರೆ. ಮಳೆಗಾಲದಲ್ಲಿ ಬೆಲ್ಲದ ಪೆಂಟಿ ಬೆವರುವುದನ್ನು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಾಕಂಬಿಯ ಕೋರೂ ಹಾಗೆಯೇ, ಹೊರಗಿಟ್ಟರೆ ಗಾಳಿಯ ತೇವ ಕುಡಿಯುತ್ತದೆ. ತೇವದ ಕೋರಿನ ಮೇಲೆ ರಸ ಬಿದ್ದರೆ ಉಗಿ ಏಳುತ್ತದೆ, ಆ ಉಗಿ ಹೊರಬರಲಾಗದೆ ಬೀಡಿನ ಹೊಟ್ಟೆಯಲ್ಲಿ ಗುಳ್ಳೆಯಾಗಿ ಉಳಿಯುತ್ತದೆ. ಮೇಲಿಂದ ನೋಡಿದರೆ ಕಾಣುವುದಿಲ್ಲ. ಅದಕ್ಕೇ ಲಗಮವ್ವ ಪ್ರತಿ ಕೋರನ್ನೂ ಕೊಡುವ ಮುಂಚೆ ಕೆನ್ನೆಗೆ ಹಿಡಿಯುತ್ತಿದ್ದಳು. ಕೈಗೆ ಗೊತ್ತಾಗದ ತಂಪು ಕೆನ್ನೆಗೆ ಗೊತ್ತಾಗುತ್ತದೆ. ತಂಪಿದ್ದರೆ ಮತ್ತೆ ಒಲೆಗೆ.

ಇನ್ನೊಂದು ಪದ್ಧತಿಯಿತ್ತು. ಕೋರ್ ಮಾಡುವ ಹೆಂಗಸರು ಯಾರದು ಯಾವುದು ಎಂದು ತಿಳಿಯಲಿಕ್ಕೆ ಹಸಿ ಕೋರಿನ ಮೇಲೆ ತಮ್ಮ ತಮ್ಮ ಗುರುತು ಇಡುತ್ತಿದ್ದರು. ಒಬ್ಬಳು ಉಗುರು ಒತ್ತುತ್ತಿದ್ದಳು, ಇನ್ನೊಬ್ಬಳು ಬಳೆಯ ಅಂಚು. ಲಗಮವ್ವ ಮೂರು ಬೆರಳಿನಿಂದ ಹಗುರವಾಗಿ ಎಳೆಯುತ್ತಿದ್ದಳು, ಮುಂಜಾನೆ ಹಣೆಗೆ ವಿಭೂತಿ ಎಳೆದುಕೊಂಡಂತೆಯೇ. ಕೋರಿನ ಮೇಲಿನ ಆ ತಗ್ಗಿಗೆ ಬೀಡು ಹರಿದು, ತೂತಿನ ಒಳಗೋಡೆಯ ಮೇಲೆ ಮೂರು ಉಬ್ಬು ಗೆರೆಯಾಗಿ ಉಳಿಯುತ್ತಿತ್ತು. ತೂತಿನ ನಡುಭಾಗವನ್ನು ಮಷೀನು ಮುಟ್ಟುವುದಿಲ್ಲವಾದ್ದರಿಂದ ಗೆರೆ ಅಳಿಯುತ್ತಲೂ ಇರಲಿಲ್ಲ. ಯಾರೂ ನೋಡುತ್ತಲೂ ಇರಲಿಲ್ಲ. ತೂತಿನೊಳಗೆ ಇಣುಕುವ ಪುರುಸೊತ್ತು ಯಾರಿಗಿದೆ!

ಹೋದ ಆಷಾಢದಲ್ಲಿ ಒಬ್ಬಳು ಇಣುಕಿಕೊಂಡು ಬಂದಳು.

ಅವಳ ಹೆಸರು ರುತುಜಾ. ಮೂವತ್ತರ ಆಸುಪಾಸಿನ ವಕೀಲೆ, ಮುಂಬಯಿಯಲ್ಲಿ ಹಡಗಿನವರ ಮೊಕದ್ದಮೆ ನಡೆಸುವವಳು. ಮುಂಬಯಿಯವಳಲ್ಲ, ಇಚಲಕರಂಜಿಯ ಮಗ್ಗದ ಮನೆಯ ಮಗಳು. ಹಾತಕಣಂಗಲೆಯಲ್ಲಿ ರೈಲಿಳಿದು ತವರಲ್ಲಿ ಚಹಾ ಕುಡಿದು ನೆಟ್ಟಗೆ ಫೌಂಡ್ರಿಗೆ ಬಂದಿದ್ದಳು. ಮಾಲಕರು ಶಾಂತಿನಾಥ, ಜೈನರು, ಮೆತ್ತಗೆ ಮಾತಾಡುವ ಮನುಷ್ಯ. ಕೆಲಸದವರೆಲ್ಲ ಅವರನ್ನು ಅಣ್ಣಾ ಎನ್ನುತ್ತಾರೆ. ಅವರ ಮೇಜಿನ ಮೇಲೆ ರುತುಜಾ ಒಂದು ದೊಡ್ಡ ಫೋಟೊ ಇಟ್ಟಳು. ಮುರಿದ ಬೀಡಿನ ತುಂಡು, ತೆಂಗಿನಕಾಯಿಯಷ್ಟು ದೊಡ್ಡದು. ಹೊರಮೈಯಲ್ಲಿ ಈ ಫೌಂಡ್ರಿಯ ಉಬ್ಬು ಅಕ್ಷರ, ಎರಕದ ದಿನದ ನಂಬರು. ಅರ್ಧ ತೂತು. ತೂತಿನ ಗೋಡೆಯಲ್ಲಿ ಮೂರು ಗೆರೆ.

ಶಾಂತಿನಾಥರು ಕೋರಿನ ಹೆಂಗಸರನ್ನು ಕರೆಸಿದರು. ರುತುಜಾ ಮೊದಲು ಮರಾಠಿಯಲ್ಲಿ, "ಮಾವಶಿ, ಹೀ ಖೂಣ ಕೋಣಾಚೀ?" ಎಂದು ಕೇಳಿದಳು. ಚಿಕ್ಕಮ್ಮ, ಈ ಗುರುತು ಯಾರದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲಗಮವ್ವ ಬಲಗೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. ಅದನ್ನು ನೋಡಿದ ಮೇಲೆ ಬೇರೆ ಉತ್ತರ ಬೇಕಿರಲಿಲ್ಲ.

"ನಂದರೀ," ಎಂದಳು. "ಇದ ಎಲ್ಲಿ ಸಿಕ್ತು?"

ಕನ್ನಡ ಕೇಳಿ ರುತುಜಾಳ ಮುಖ ಅರಳಿತು, ಅವಳ ಮನೆಮಾತೂ ಅದೇ. ಕುರ್ಚಿ ಎಳೆದು ಅವಳನ್ನು ಕೂರಿಸಿ ಹೇಳತೊಡಗಿದಳು. ಆ ಕಥೆಯನ್ನು ಲಗಮವ್ವ ಬಾಯಿ ತೆರೆದುಕೊಂಡೇ ಕೇಳಿದಳು.

ಆ ತುಂಡು ಒಂದು ಹಡಗಿನದು. ಹಡಗಿನ ಮೂತಿಯ ಮೇಲೆ ಲಂಗರಿನ ಸರಪಳಿಯನ್ನು ಎತ್ತಿ ಇಳಿಸುವ ಯಂತ್ರವಿರುತ್ತದೆ. ಎತ್ತಿದ ಲಂಗರು ಮತ್ತೆ ಕೆಳಗೆ ಜಾರದಂತೆ ಹಿಡಿಯುವ ಬ್ರೇಕಿಗೆ ಒಂದು ಬೀಡಿನ ಬ್ರಾಕೆಟ್. ಹೋದ ಮಾಘಮಾಸದಲ್ಲಿ, ಹತ್ತು ಸಾವಿರ ಮೈಲಿ ಆಚೆ ಒಂದು ಕಡಲಿನಲ್ಲಿ, ದೊಡ್ಡ ತೆರೆಗಳ ನಡುವೆ ಆ ಬ್ರಾಕೆಟ್ ಮುರಿಯಿತು. ಲಂಗರು ಬಿತ್ತು. ಗಾಳಿಯ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಹಡಗು ಅದನ್ನು ತಳಕ್ಕೆ ಎಳೆಯುತ್ತಲೇ ಹದಿನಾರು ಮೈಲಿ ಹೋಯಿತು, ಕುಂಟೆ ಹೊಡೆದಂತೆ. ಕಡಲ ತಳದಲ್ಲಿ ಒಂದು ದಪ್ಪ ತಂತಿ ಮಲಗಿತ್ತು, ಒಂದು ದ್ವೀಪಕ್ಕೆ ಕರೆಂಟು ಒಯ್ಯುವ ತಂತಿ. ಲಂಗರು ಅದನ್ನು ಕಬ್ಬು ಕಡಿದಂತೆ ಕಡಿಯಿತು.

ದ್ವೀಪ ಕತ್ತಲಾಯಿತು. ಹನ್ನೊಂದು ದಿನ. ಐಸು ಕಾರ್ಖಾನೆ ನಿಂತು ದೋಣಿಗಟ್ಟಲೆ ಮೀನು ಕೊಳೆಯಿತು. ಸೀಗಡಿ ಮರಿ ಸಾಕುವ ತೊಟ್ಟಿಗಳಿಗೆ ನೀರೆತ್ತುವ ಪಂಪು ನಿಂತು ಲಕ್ಷಗಟ್ಟಲೆ ಮರಿ ಸತ್ತವು. ದೀಪಸ್ತಂಭದ ದೀಪ ಆರಿ, ಜನರನ್ನು ದಾಟಿಸುವ ಹಡಗೊಂದು ಬಂಡೆ ಹತ್ತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಒಬ್ಬ ಮುದುಕ ಕತ್ತಲಲ್ಲಿ ಮೆಟ್ಟಿಲು ತಪ್ಪಿ ಕಾಲು ಮುರಿದುಕೊಂಡ. ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯವನು ದಾವೆ ಹಾಕಿದ, ಬ್ರೆಡ್ಡಿನ ಅಂಗಡಿಯವನು ಹಾಕಿದ. ಒಬ್ಬನಂತೂ, ದೋಣಿ ಸಿಗದೆ ಮದುವೆಗೆ ತಲುಪಲಿಲ್ಲ, ಹುಡುಗಿ ಒಲ್ಲೆನೆಂದಳು ಎಂದು ಅದಕ್ಕೂ ಹಾಕಿದ. ಒಟ್ಟು ನಲವತ್ತೊಂದು ದಾವೆ.

"ಇದೊಂದ ತುಂಡಿನಿಂದೇನು?" ಎಂದಳು ಲಗಮವ್ವ, ಫೋಟೊ ಹತ್ತಿರ ಎಳೆದುಕೊಂಡು.

"ಅದ ಕೇಳಾಕ ಬಂದೇನ್ರಿ ಮಾವಶಿ. ಅಲ್ಲಿಯವ್ರು ತುಂಡಿನ ತಪ್ಪಲ್ಲ, ಮನುಷ್ಯಾನ ತಪ್ಪು ಅನ್ನಾಕತ್ತಾರ. ಲಂಗರದ ಹೊಣಿ ಬೋಸನ್ನಂದು, ಅಂದ್ರ ಖಲಾಸಿಗಳ ಮುಕಾದಮಂದು. ಬ್ರೇಕ್ ಬಿಗೀಲಿಲ್ಲ, ಅದಕ್ಕ ಜಾರೇತಿ ಅಂತ ಅವನ್ನ ಹಿಡದಿಟ್ಟಾರ. ದೀಪಕ ಅಂತ, ನಮ್ಮ ಘಾಟಿನ ಕೆಳಗ ದೇವಗಡದಾವ. ಐದ ತಿಂಗಳಾತು, ಆ ದ್ವೀಪ ಬಿಟ್ಟ ಹೊರಗ ಕಾಲಿಡಾಕ ಬಿಟ್ಟಿಲ್ಲ. ಶಿಕ್ಷಾ ಆದ್ರ ನಾಕ ವರ್ಷ. ನಾ ಅವನ ವಕೀಲೆ."

ಮುರಿದ ಜಾಗದಲ್ಲಿ ಒಂದು ಗುಳಿ ಕಾಣುತ್ತಿತ್ತು, ತುಕ್ಕು ತಿಂದಿತ್ತು. ಅದು ಎರಕದ ದಿನವೇ ಬೀಡಿನ ಹೊಟ್ಟೆಯಲ್ಲಿ ಇದ್ದದ್ದು ಎನ್ನುತ್ತಾಳೆ ರುತುಜಾ. ದೀಪಕ ಎಣ್ಣೆ ಸವರದೆ ಉಪ್ಪುನೀರು ತಿನ್ನಲು ಬಿಟ್ಟದ್ದು ಎನ್ನುತ್ತದೆ ಎದುರು ಪಕ್ಷ. ಉಳಿದರ್ಧ ಕಡಲ ತಳದಲ್ಲಿದೆ. ಒಂದೇ ದಾರಿ: ಅದೇ ದಿನ, ಅದೇ ರಸದಲ್ಲಿ ಎರೆದ ಇನ್ನೊಂದು ಬ್ರಾಕೆಟ್ ಸಿಕ್ಕಿ, ಕೊಯ್ದು ನೋಡಿ, ಒಳಗೆ ಗುಳ್ಳೆ ಇದ್ದರೆ ದೀಪಕ ಬಚಾವು.

ಶಾಂತಿನಾಥರು ಹಳೆಯ ವಹಿ ತೆಗೆದು ನಂಬರು ನೋಡಿದರು. ನಾಲ್ಕು ವರ್ಷದ ಹಿಂದಿನ ದಸರೆಯ ಮರುದಿನ. ಎಂಟು ಎರೆದದ್ದು, ಐದು ಗಿರಾಕಿಗೆ, ಎರಡು ರದ್ದಿಗೆ. "ಒಂದೂ ಉಳದಿಲ್ಲರೀ ವಕೀಲ ಬಾಯಾರ," ಎಂದರು. ಐದೂ ಎರಡೂ ಕೂಡಿದರೆ ಏಳು. ಎಂಟನೆಯದರ ಲೆಕ್ಕ ಅವರು ಹೇಳಲಿಲ್ಲ, ರುತುಜಾ ಕೇಳಲಿಲ್ಲ. ಲಗಮವ್ವ ಕೇಳಿಸಿಕೊಂಡಳು, ತುಟಿ ಬಿಚ್ಚಲಿಲ್ಲ.

ಏಕೆಂದರೆ ಎಂಟನೆಯದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ದಸರೆಯ ನಂತರದ ಮೊದಲ ಎರಕ ದೇವರಿಗೆ. ಭಟ್ಟಿಯ ಹಿಂದಿನ ಗೋಡೆಯಲ್ಲಿ ಉದ್ದ ಗೂಡು. ಅದರಲ್ಲಿ ವರ್ಷಕ್ಕೊಂದರಂತೆ ಮೂವತ್ತಾರು ಎರಕದ ತುಂಡುಗಳು ಭಂಡಾರದ ಅರಿಶಿನ, ಕುಂಕುಮ ಬಳಿದುಕೊಂಡು ಸಾಲಾಗಿ ಕೂತಿವೆ. ಅದು ಮಾಲು ಅಲ್ಲ, ದೇವರು. ಮಾಲಿನ ಲೆಕ್ಕದಲ್ಲಿ ದೇವರನ್ನು ಯಾರು ಹಿಡಿಯುತ್ತಾರೆ?

ಇನ್ನೂ ಒಂದು ಅವಳಿಗೆ ಗೊತ್ತಿತ್ತು, ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಖಂಡೇನವಮಿಯ ಹಿಂದಿನ ದಿನ ಅವಳು ಎಂಟು ಕೋರ್ ಸುಟ್ಟು ಹಲಗೆಯ ಮೇಲೆ ಇಟ್ಟಿದ್ದಳು. ಖಂಡೇನವಮಿ ಆಯುಧಪೂಜೆಯ ದಿನ; ಒಲೆ ಆರಿಸಿ, ಗುದ್ದಲಿಯಿಂದ ಹಿಡಿದು ಕೋರಿನ ಪೆಟ್ಟಿಗೆಯ ತನಕ ಎಲ್ಲದಕ್ಕೂ ಪೂಜೆ. ದಸರೆ ಮುಗಿಯುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಎರಡು ದಿನ ಹಿಂಗಾರಿನ ಜಿಟಿಜಿಟಿ ಮಳೆ. ಮೂರನೆಯ ಮುಂಜಾನೆ ಅವಳು ಮೊದಲ ಕೋರನ್ನು ಕೆನ್ನೆಗೆ ಹಿಡಿದಾಗ ತಂಪು ಹತ್ತಿತು. ಒಲೆಗೆ ಹಾಕಬೇಕು. ಆದರೆ ಒಲೆಯ ಬಾಯಿಗೆ ಕಬ್ಬು, ಬಾಳೆಕಂದು, ಚೆಂಡುಹೂವಿನ ಮಾಲೆ. ಪೂಜೆ ಇಳಿಸುವವರು ಮಾಲಕರು, ಅವರು ಇನ್ನೂ ಬಂದಿರಲಿಲ್ಲ. ಅತ್ತ ಹಿಂದಿನ ರಾತ್ರಿಯೇ ಅವರು ಪೂಜೆ ಇಳಿಸಿ ಹೋಗಿದ್ದ ಭಟ್ಟಿಯಲ್ಲಿ ರಸ ಕುದಿಯುತ್ತಿತ್ತು. "ಏ ಲಗಮಿ, ಕೋರ್ ತಾ, ರಸ ತಣ್ಣಗಾಗತೈತಿ!" ಎಂದು ಗುಂಡು ಅರಚಿದ. ಪೂಜೆಯ ಒಲೆಗೆ ಕೈ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ಹೆಚ್ಚೆಂದರೆ ಏನಾದೀತು, ಒಂದೆರಡು ರದ್ದಿಗೆ ಹೋದಾವು, ಮತ್ತೆ ಕರಗಿಸಿದರಾಯಿತು, ಬೀಡು ಎಲ್ಲಿ ಹೋಗುತ್ತದೆ ಎಂದುಕೊಂಡು ಎಂಟನ್ನೂ ಕೊಟ್ಟಳು.

ಬೀಡು ಎಲ್ಲಿ ಹೋಗುತ್ತದೆ! ಹತ್ತು ಸಾವಿರ ಮೈಲಿ ಹೋಗಿತ್ತು.

ಅವತ್ತು ಸಂಜೆ ಗುಂಡುವಿಗೆ ಹೇಳಿದಳು. ಗುಂಡು ನಗೆಗಾರ ನಿಜ, ಆದರೆ ಅವತ್ತು ನಗಲಿಲ್ಲ. "ಬಾಯಿ ಮುಚ್ಕೊಂಡ ಇರು. ಇದ ಹೊರಗ ಬಿದ್ರ ಗಿರಾಕಿ ಓಡ್ತಾರ, ಫೌಂಡ್ರಿಗೆ ಕೀಲಿ ಬೀಳ್ತೈತಿ. ಇಪ್ಪತ್ತೆರಡ ಮಂದಿ ಒಲಿ ಆರ್ತಾವು. ಮೊದಲ ನಿಂದು," ಎಂದ. ತಪ್ಪೇನು ಹೇಳಿದ? ರುತುಜಾಳೇ ಹೋಗುವಾಗ ಹೇಳಿ ಹೋಗಿದ್ದಳು: "ಮಾವಶಿ, ನಾ ದೀಪಕನ ಕಡೀದಾಕಿ, ನಿಮ್ಮ ಕಡೀದಾಕಿ ಅಲ್ಲ. ಏನರ ಹೇಳೂದಿದ್ರ ಮೊದಲ ಒಬ್ಬ ವಕೀಲನ್ನ ಕೇಳಿ ಹೇಳ್ರಿ." ಅಷ್ಟು ನೆಟ್ಟಗೆ ಮಾತಾಡಿದ ಹುಡುಗಿಯ ಮೇಲೆ ಸಿಟ್ಟು ಮಾಡಲೂ ಬರುವಂತಿರಲಿಲ್ಲ.

ಸೋಮವಾರ ಫೌಂಡ್ರಿಗೆ ಸೂಟಿ. ಲಗಮವ್ವ ಗಡಹಿಂಗ್ಲಜದ ಬಸ್ಸು ಹತ್ತಿದಳು. ಕಾಗಲ ದಾಟಿದ ಮೇಲೆ ಎರಡೂ ಬದಿಗೆ ಕಬ್ಬು, ಮಳೆಗೆ ತೊಯ್ದು ತೂಗುತ್ತಿತ್ತು. ಅವಳು ಅದನ್ನು ಮೊದಲ ಸಲ ನೋಡಿದಂತೆ ನೋಡಿದಳು. ಈ ಗದ್ದೆಯ ಯಾವುದೋ ಗಳ ಗಾಣಕ್ಕೆ ಹೋಗಿ, ಅದರ ಕಾಕಂಬಿ ಪೀಪಾಯಿಗೆ ಬಂದು, ತನ್ನ ಕೈಗೆ ಹತ್ತಿ, ಬೀಡಿಗೆ ಗುಳ್ಳೆ ತಂದು, ಕಡಲ ತಳದ ತಂತಿ ಹರಿದು, ಯಾರದೋ ಮದುವೆ ಮುರಿಯಿತು. ಎಲ್ಲಿಂದ ಎಲ್ಲಿಗೆ! ಭಯವೂ ಆಯಿತು, ಭಯಕ್ಕಿಂತ ಹೆಚ್ಚಾಗಿ ಬೆರಗಾಯಿತು. ಜಗತ್ತು ಇಷ್ಟು ಹತ್ತಿರ ಹತ್ತಿರ ಹೊಲಿದದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತವರಲ್ಲಿ ಅಣ್ಣನ ಮಕ್ಕಳು ಮೊಮ್ಮಕ್ಕಳ ಗದ್ದಲ. ನಡುವೆ ಪಡಸಾಲೆಯಲ್ಲಿ ಅವಳ ತಾಯಿ ಅಕ್ಕವ್ವ, ಎಂಬತ್ತು ದಾಟಿದವಳು, ಶೇಂಗಾ ಸುಲಿಯುತ್ತಿದ್ದಳು. ಲಗಮವ್ವ ಒಂದೂ ಬಿಡದೆ ಹೇಳಿದಳು. ಮುದುಕಿ ದ್ವೀಪ ಎಂದರೇನು ಎಂದು ಕೇಳಲಿಲ್ಲ, ತಂತಿ ಹೇಗೆ ನೀರೊಳಗೆ ಇರುತ್ತದೆ ಎಂದು ಕೇಳಲಿಲ್ಲ.

"ಆ ಹುಡುಗನ ತಾಯಿ ಅದಾಳೇನ?" ಎಂದಳು.

"ಗೊತ್ತಿಲ್ಲವ್ವಾ."

"ಇದ್ರ ಆಕಿ ಈಗ ಏನ ಮಾಡಾಕತ್ತಿರಬೇಕು?"

ಅಕ್ಕವ್ವ ಮಗಳ ಬಲಗೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದಳು, ಶೇಂಗಾ ಸಿಪ್ಪೆಯ ಧೂಳು ಹತ್ತಿಸಿ ಬಿಟ್ಟಳು. "ವಿಭೂತಿ ಎಳಿಯೂ ಬೆರಳಿವು. ಸುಳ್ಳಿನ ಗುರ್ತ ಆಗಾಕ ಬಿಡಬ್ಯಾಡ," ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಅಕ್ಕವ್ವನ ಮಾತು ಯಾವಾಗಲೂ ಅಷ್ಟೇ, ಎರಡು ತುತ್ತಿನದು, ಅರಗಲು ಎರಡು ದಿನ ಬೇಕು.

ಲಗಮವ್ವನಿಗೆ ಒಂದೇ ದಿನ ಸಾಕಾಯಿತು. ಮಂಗಳವಾರ ಮುಂಜಾನೆ ಭಟ್ಟಿ ಹೊತ್ತುವ ಮುಂಚೆಯೇ ಶಾಂತಿನಾಥರ ಮೇಜಿನ ಮುಂದೆ ನಿಂತಳು. ಅವರು ಮನೆಯಿಂದ ತಂದ ಸೋಸಿದ ನೀರನ್ನು ತಂಬಿಗೆಯಿಂದ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದರು.

"ಅಣ್ಣಾರ, ಆ ಕೋರ್ ಹಸಿ ಇದ್ವು. ನನಗ ಗೊತ್ತಿದ್ದ ಕೊಟ್ಟೇನಿ. ಎಂಟನೇದ ಬ್ರಾಕೆಟ್ ದೇವರ ಗೂಡಿನ್ಯಾಗ ಐತಿ. ಕೊನಿಯಿಂದ ನಾಕನೇದು."

ಶಾಂತಿನಾಥರು ಲೋಟವನ್ನು ತುಟಿಯ ತನಕ ಒಯ್ದು ತಡೆದರು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ.

"ನನಗೂ ಅವತ್ತ ನೆನಪಾಗಿತ್ತು ಲಗಮವ್ವ," ಎಂದರು. "ಆ ವಕೀಲ ಬಾಯಿ ಕೇಳುವಾಗ ಗೂಡಿನ ಕಡೆ ನೋಡಬಾರದಂತ ಕಣ್ಣ ಬ್ಯಾರೆ ಕಡೆ ಹೊಳ್ಳಿಸಿದ್ನಿ. ನಾಕ ದಿನದಿಂದ ಈ ನೀರ ಗಂಟಲದಾಗ ಇಳೀವಲ್ದು. ನಮ್ಮ ಮನಿತನದಾಗ ನೀರ ಯಾಕ ಸೋಸ್ತೇವಿ? ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದಂತ. ಕಾಣಲಿಲ್ಲ, ಅದಕ್ಕ ನಂದೇನೂ ಇಲ್ಲ ಅಂತ ಯಾರರ ಅನಬಹುದು, ನಾ ಅನ್ನಾಕ ಬರೂದಿಲ್ಲ." ಲೋಟ ಕೆಳಗಿಟ್ಟರು. "ಗಿರಾಕಿ ಹೋಗಬಹುದು. ಹೋಗ್ಲಿ, ಟ್ರ್ಯಾಕ್ಟರಿನ ಸಾಮಾನ ಎರಿಯೂಣು. ಆದ್ರ ಆ ಬಾಯಿ ಅಂದಂಗ ಮೊದಲ ನಮ್ಮ ವಕೀಲಗೂ ಒಂದ ಮಾತ ಹಾಕ್ತೇನಿ. ಆಮ್ಯಾಲ ಆಕಿನ್ನ ಕರಸ್ತೇನಿ."

ಎರಡು ದಿನದ ನಂತರ ರುತುಜಾ ಇಚಲಕರಂಜಿಯಿಂದ ಬಂದಳು, ಜೊತೆಗೆ ಸಾಕ್ಷಿಗೆಂದು ಬೀಡಿನ ಪರೀಕ್ಷೆ ಮಾಡುವ ಇಬ್ಬರನ್ನು ಕರೆತಂದಳು. ಎಲ್ಲರ ಮುಂದೆ ಲಗಮವ್ವ ಗೂಡಿನೊಳಗೆ ಕೈ ಚಾಚಿ, ನಾಲ್ಕು ವರ್ಷದ ಭಂಡಾರ ಮೆತ್ತಿದ ಬ್ರಾಕೆಟನ್ನು ಎತ್ತಿಕೊಂಡಳು. ದೇವರನ್ನು ಎಬ್ಬಿಸುವುದೆಂದರೆ ಸಣ್ಣ ಮಾತೇ? ಮೊದಲು ಕಾಯಿ ಒಡೆದು ಕ್ಷಮೆ ಬೇಡಿದ್ದರು. ಕುಂಕುಮ ಒರೆಸಿದಾಗ ಅದೇ ಅಕ್ಷರ, ಅದೇ ನಂಬರು. ಬಾಯಿ ಮುಚ್ಚಿಕೊಂಡು ಇರು ಎಂದಿದ್ದ ಗುಂಡುವೇ ಅದನ್ನು ಗರಗಸದ ಮಷೀನಿಗೆ ಬಿಗಿದ. ಬ್ಲೇಡು ಅರ್ಧ ತಾಸು ಕೊಯ್ಯಿತು.

ಎರಡು ಹೋಳಾಗಿ ಬಿದ್ದಾಗ ಲಗಮವ್ವ ಬಗ್ಗಿ ನೋಡಿದಳು. ತೂತಿನ ಗೋಡೆಯಲ್ಲಿ ತನ್ನ ಮೂರು ಗೆರೆ, ನಿನ್ನೆ ಎಳೆದಷ್ಟು ಸ್ಪಷ್ಟ. ಅದರ ಒಂದು ಬೆರಳಿನಷ್ಟು ಕೆಳಗೆ, ಬೀಡಿನ ಹೊಟ್ಟೆಯೊಳಗೆ, ಹುಣಸೆಬೀಜದ ಗಾತ್ರದ ಗುಳ್ಳೆ. ಒಂದಲ್ಲ, ಮೂರು, ಒಂದಕ್ಕೊಂದು ಅಂಟಿಕೊಂಡು. ಗಾಳಿ ಬೆಳಕು ಕಾಣದ್ದರಿಂದ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ತುಕ್ಕಿಲ್ಲ, ಉಪ್ಪಿಲ್ಲ. ನಾಲ್ಕು ವರ್ಷದ ಹಿಂದಿನ ಆ ಮುಂಜಾನೆಯ ಮಳೆಯ ತೇವವೇ ಅಲ್ಲಿ ತನ್ನ ಜಾಗ ಬಿಟ್ಟು ಹೋಗಿತ್ತು.

"ಹುಡುಗ ಪಾರಾದ," ಎಂದಳು ರುತುಜಾ ಮೆಲ್ಲಗೆ. ಅವಳ ಕಣ್ಣು ತುಂಬಿದ್ದವು.

ಹೇಳಿಕೆ ಬರೆದುಕೊಂಡದ್ದಾದ ಮೇಲೆ ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತರು. ಲಗಮವ್ವ ಕೇಳಬೇಕೆಂದದ್ದನ್ನು ಕೇಳಿದಳು: "ಈಗ ಆ ನಲವತ್ತೊಂದೂ ನನ್ನ ಮ್ಯಾಲ ಬರ್ತಾವೇನ?"

ರುತುಜಾ ಸ್ವಲ್ಪ ಯೋಚಿಸಿ ಹೇಳಿದಳು. "ನಾ ನಿಮ್ಮ ವಕೀಲೆ ಅಲ್ಲ ಅಂದೇನಿ. ಆದ್ರ ಪುಸ್ತಕದಾಗ ಏನೈತಿ ಅಂತ ಹೇಳಬಹುದು. ನೀವ ಹೊಲಕ್ಕ ನೀರ ಬಿಡುವಾಗ ಒಡ್ಡ ಒಡದು ಬಾಜೂಕಿನ ಹೊಲ ಹಾಳಾತು ಅಂತ ತಿಳೀರಿ. ಅದು ನಿಮ್ಮ ತಪ್ಪು. ಆ ಹೊಲದಾವ ಸಿಟ್ಟಿನ್ಯಾಗ ಗಾಡಿ ಜೋರ ಹೊಡಕೊಂಡ ಹೋಗಿ ಬಿದ್ದ. ಅದೂ ನಿಮ್ಮ ತಪ್ಪೇನ? ಅವನ ಮಗಳ ಲಗ್ನ ಮುಂದಕ್ಕ ಹೋತು. ಅದೂ? ಇದನ್ನ ಕೋರ್ಟಿನ್ಯಾಗ ನೂರ ವರ್ಷದಿಂದ ಕೇಳಾಕತ್ತಾರ, ಅದೂ ಹೆಚ್ಚಾಗಿ ಹಡಗಿನ ಖಟ್ಲೆದಾಗನ. ಮೊದಲ, ತಪ್ಪ ಮಾಡಿದಾವ ಅದರಿಂದ ನೆಟ್ಟಗ ಹುಟ್ಟಿದ್ದ ಎಲ್ಲಾದಕ್ಕೂ ಹೊಣಿ ಅಂತಿದ್ರು. ಆಮ್ಯಾಲ ಅಂದ್ರು: ಅಲ್ಲೆ ನಿಂತ ಮನುಷ್ಯಾಗ ಬುದ್ಧಿ ಓಡಿಸಿದ್ರ ಎಷ್ಟ ದೂರ ಕಾಣ್ತಿತ್ತೋ ಅಷ್ಟ ದೂರಕ್ಕ ಹೊಣಿ. ನಮ್ಮ ಮನ್ಯಾಗ ಮಗ್ಗ ಇದ್ವಲ್ಲ, ಒಂದ ಎಳಿ ಹರಿದ್ರ ಅರಿವಿ ಕೆಡತೈತಿ ಅಂತ ನಮ್ಮಪ್ಪಗ ಗೊತ್ತಿತ್ತು. ಆ ಅರಿವಿ ಯಾರ ಮೈಮ್ಯಾಲ ಹರೀತೈತಿ ಅಂತ ಅವಗ ಹೆಂಗ ಗೊತ್ತಾಗಬೇಕು?"

ಲಗಮವ್ವ ಅಂಗಳದ ಕೊನೆಗೆ ನೋಡಿದಳು. ಅಲ್ಲಿ ಗೋಡೆಗೆ ಒತ್ತಿಕೊಂಡು ರದ್ದಿ ಬೀಡಿನ ಗುಡ್ಡೆ ಇತ್ತು. ಕೋರಿನ ಹಲಗೆಯಿಂದ ಮೂವತ್ತು ಹೆಜ್ಜೆ.

"ನನಗ ಅಲ್ಲೀತನಕ ಕಾಣ್ತಿತ್ತು," ಎಂದಳು. "ಆ ಗುಡ್ಡಿತನಕ. ಅಷ್ಟ."

"ಕಾಯ್ದೆದಾಗ ನಿಮ್ಮ ಪಾಲು ಅಲ್ಲೇ ಮುಗೀತೈತಿ ಅಂತ ಅನಬಹುದ್ರಿ ಮಾವಶಿ. ಹಡಗಿನ ಸಾಮಾನ ಮಾಡೂ ಕಂಪನಿ ಮಾತ ಬ್ಯಾರೆ, ಅವ್ರು ತಪಾಸ ಮಾಡಬೇಕಾಗಿತ್ತು."

"ಕಾಯ್ದೆಕ್ಕ ಮುಗೀತು. ನನಗ ಇನ್ನ ಮ್ಯಾಲ ಆ ಗುಡ್ಡಿ ದಾಟಿ ಕಾಣ್ತೈತೆಲಾ ಯವ್ವಾ, ಏನ ಮಾಡ್ಲಿ?"

ರುತುಜಾ ಆ ಒರಟು ಕೈಯ ಮೇಲೆ ತನ್ನ ಕೈ ಇಟ್ಟಳು.

ಭಾದ್ರಪದ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಆ ಹೊಳಪಿನ ಗುಳ್ಳೆಯ ಮುಂದೆ ಎದುರು ಪಕ್ಷದ ತುಕ್ಕಿನ ವಾದ ನಿಲ್ಲಲಿಲ್ಲ. ದೀಪಕನ ಮೇಲಿನ ಆರೋಪ ತೆಗೆದರು. ನಲವತ್ತು ದಾವೆ ಇನ್ನೂ ನಡೆದಿವೆ, ಸರಪಳಿಯನ್ನು ಎಲ್ಲಿ ಕಡಿಯಬೇಕೆಂದು ದೊಡ್ಡ ದೊಡ್ಡವರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಮದುವೆ ಮುರಿದವನನ್ನು ಮಾತ್ರ ಮೊದಲ ದಿನವೇ ಮನೆಗೆ ಕಳಿಸಿದರಂತೆ. ಶಾಂತಿನಾಥರ ಫೌಂಡ್ರಿಗೆ ಹಡಗಿನ ಸಾಮಾನಿನ ಗಿರಾಕಿ ತಪ್ಪಿದ. ಕೀಲಿ ಬೀಳಲಿಲ್ಲ. ನಾಳೆ ನೋಟೀಸು ಬಂದೀತು, ಬರಲಿಕ್ಕಿಲ್ಲ. ಬಂದರೆ ಓದೋಣ ಎಂದರು ಅವರು.

ಲಗಮವ್ವ ಅವರಿಗೆ ಒಂದೇ ಒಂದು ಬೇಡಿಕೆ ಇಟ್ಟಳು. "ಖಂಡೇನವಮಿಗೆ ಒಲಿ ಆರ್ಸೂದ ಬ್ಯಾಡ, ಉರಿಯೂ ಒಲಿಗೇ ಪೂಜಿ ಮಾಡೂಣು," ಎಂದಳು. ಮೂವತ್ತಾರು ವರ್ಷದ ಪದ್ಧತಿ. ಗುಂಡು ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ, ಬೆಂಕಿಗಿಂತ ದೊಡ್ಡ ಆಯುಧ ಯಾವುದು ಎಂದು ತಾನೇ ತೀರ್ಪು ಕೊಟ್ಟ. ಆ ಸಲ ಒಲೆಯ ಬಾಯಿ ಬಿಟ್ಟು ಪಕ್ಕಕ್ಕೆ ಕಬ್ಬು ಕಟ್ಟಿದರು. ಪರೀಕ್ಷೆ ಮುಗಿದು ಮರಳಿ ಬಂದ ಎರಡು ಹೋಳು ಮತ್ತೆ ಗೂಡಿನಲ್ಲಿ ತಮ್ಮ ಜಾಗದಲ್ಲಿ ಕೂತವು.

ದಸರೆಯ ದಿನ ನಡುಮಧ್ಯಾಹ್ನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೂವತ್ತೈದರ ಗಂಡಸು, ಬಿಸಿಲಿಗೆ ಕಪ್ಪಾದ ಮುಖ, ಕಾಲು ಸ್ವಲ್ಪ ಅಗಲಿಸಿ ನಿಲ್ಲುವ ರೀತಿ. ಮರಾಠಿಯಲ್ಲಿ ತನ್ನ ಹೆಸರು ಹೇಳಿದ. ದೀಪಕ. ದೇವಗಡದಿಂದ ಮುಂಜಾನೆ ಬಸ್ಸು ಹತ್ತಿ ಘಾಟು ಏರಿ ಬಂದಿದ್ದ. ಲಗಮವ್ವ ಬಲಗೈಯನ್ನು ಮತ್ತೆ ಸೆರಗಿನೊಳಗೆ ತೆಗೆದುಕೊಂಡಳು. ಏಳು ತಿಂಗಳು ಅವನನ್ನು ಹಿಡಿದಿಟ್ಟದ್ದು ತನ್ನ ಕೈ ಎಂದು ಗೊತ್ತಿದ್ದೂ ಬಂದಿದ್ದಾನೆ.

ಅವನು ಗೂಡಿನ ಮುಂದೆ ಹೋಗಿ ಹೋಳನ್ನು ನೋಡಿದ, ಮೂರು ಗೆರೆಯ ಮೇಲೆ ಬೆರಳಾಡಿಸಿದ. ಕೋರ್ಟಿನಲ್ಲಿ ದಿನಾಲೂ ಗೋಡೆಯ ಮೇಲೆ ಈ ಗೆರೆಗಳ ಫೋಟೊ ದೊಡ್ಡದಾಗಿ ತೋರಿಸುತ್ತಿದ್ದರಂತೆ. ಅಲ್ಲಿಯ ಭಾಷೆ ತಿಳಿಯದೆ ಕೂತವನು ಅದನ್ನೇ ನೋಡುತ್ತ, ಇದನ್ನು ಎಳೆದವರು ಯಾರೋ ನಮ್ಮ ಕಡೆಯವರೇ, ಅವರಿಗೆ ಗೊತ್ತಾದರೆ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ. ಇನ್ನೊಂದು ಹೇಳಿದ: ಯಾರ ಐಸು ಕಾರ್ಖಾನೆ ನಿಂತು ಮೀನು ಕೊಳೆತವೋ, ಆ ಮನೆಯ ಮುದುಕಿಯೇ ಏಳು ತಿಂಗಳೂ ಅವನಿಗೆ ಊಟ ಕಳಿಸಿದಳಂತೆ. ಲಗಮವ್ವ ಕೇಳುತ್ತ ನಿಂತಳು. ಗುಳ್ಳೆಯಿಂದ ಹುಟ್ಟಿದ ಸರಪಳಿಯಲ್ಲಿ ಹೀಗೂ ಒಂದು ಕೊಂಡಿ ಇತ್ತು, ಇದನ್ನು ಯಾರು ಮೊದಲೇ ಕಂಡಿದ್ದರು?

ಕ್ಷಮೆ ಕೇಳಲೆಂದು ಅವಳು ಪೂಜೆಯ ತಟ್ಟೆಯಿಂದ ಬನ್ನಿಯ ಎಲೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಅವನು ಅದನ್ನು ತೆಗೆದುಕೊಂಡು, ಕೊಟ್ಟ ಕೈಗಳನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಒಲೆಯ ಬಾಯಿಗೆ ಹೋಗಿ, ಕೇಳದೆಯೇ, ಅಂಚಿನಲ್ಲಿದ್ದ ಒಂದು ಕೋರನ್ನು ಚಿಂದಿ ಬಟ್ಟೆಯಲ್ಲಿ ಎತ್ತಿಕೊಂಡ. ರುತುಜಾ ಅವನಿಗೆ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ತಲೆ ಓರೆ ಮಾಡಿ ಅದನ್ನು ಕೆನ್ನೆಗೆ ಹಿಡಿದ.

"ಗರಮ ಆಹೆ, ಮಾವಶಿ," ಎಂದ. ಬಿಸಿಯಿದೆ.

ಲಗಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಕೋರನ್ನು ಅವನ ಕೈಯಿಂದ ತೆಗೆದುಕೊಂಡು, ತಾನೂ ಒಮ್ಮೆ ಕೆನ್ನೆಗೆ ಹಿಡಿದು ನೋಡಿ ಮತ್ತೆ ಒಲೆಯಲ್ಲಿಟ್ಟಳು.